ಮಾಳಿಗೆಯ ಮೇಲಿನ ಎರಡು ಬಂಡಿ ಮಣ್ಣು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮೇಲಕ್ಕೆ. ಮನೆಯವರು ಬಾಗಿಲಲ್ಲಿ ನಿಂತು ಬನ್ನಿ ಅನ್ನುತ್ತಿದ್ದರೂ ನನ್ನ ಕಣ್ಣು ಸೂರಿನಲ್ಲೇ ಇರುತ್ತದೆ. ತೊಲೆ ಯಾವ ಗೋಡೆಯ ಮೇಲೆ ಕೂತಿದೆ, ಮೂಲೆಯಲ್ಲಿ ಬಿರುಕಿದೆಯೇ, ಮೇಲೆ ಎಷ್ಟು ಭಾರವಿದೆ, ಓಡಬೇಕಾಗಿ ಬಂದರೆ ಬಾಗಿಲು ಎಷ್ಟು ಹೆಜ್ಜೆ ದೂರ, ಇಷ್ಟೂ ನೋಡಿಕೊಂಡ ಮೇಲೆಯೇ ಕಾಫಿ ಲೋಟಕ್ಕೆ ಕೈ ಚಾಚುವುದು. ಮಡಕಶಿರಾದಲ್ಲಿ ನಾನು ಬಾಡಿಗೆಗೆ ಇರುವ ಬೀದಿಯವರಿಗೆಲ್ಲ ಈ ಚಾಳಿ ಗೊತ್ತಾಗಿಹೋಗಿದೆ. ಹೋದ ವರ್ಷ ಎದುರು ಮನೆಯಾಕೆ ಗೃಹಪ್ರವೇಶಕ್ಕೆ ಕರೆಯಲು ಬಂದು, ಕುಂಕುಮ ಕೊಟ್ಟು, ಹೊಸ್ತಿಲು ದಾಟುವಾಗ ತಿರುಗಿ ನಿಂತು, "ಮೇಡಮ್, ತಪ್ಪದೆ ಬರ್ಬೇಕು. ಆದ್ರೆ ಮೇಲ್ ಮಾತ್ರ ನೋಡ್ಬೇಡಿ ಕಣಮ್ಮ, ನಮ್ಮೆಜಮಾನ್ರು ಬೇಜಾರ್ ಮಾಡ್ಕತ್ತಾರೆ" ಅಂದಳು. ನಾನು ನಕ್ಕೆ. ಆದರೆ ಗೃಹಪ್ರವೇಶಕ್ಕೆ ಹೋಗಲಿಲ್ಲ. ನೋಡದೆ ಇರಲು ನನ್ನಿಂದ ಆಗುವುದಿಲ್ಲ, ನೋಡಿ ಸುಮ್ಮನಿರಲು ಮೊದಲೇ ಆಗುವುದಿಲ್ಲ.

ನನ್ನ ಕೆಲಸ ಸರ್ಕಾರಿ ಶಾಲೆಗಳ ಕಟ್ಟಡ ನೋಡಿಕೊಳ್ಳುವುದು. ಗುಡಿಬಂಡೆ, ಅಮರಾಪುರ, ಅದರಾಚೆಯ ಹಳ್ಳಿಗಳು, ಎಲ್ಲಿ ಎರಡು ಕೋಣೆ ಮಂಜೂರಾದರೂ ಸ್ಕೂಟಿ ಹತ್ತಿ ಹೋಗುತ್ತೇನೆ. ಕಂಬದ ಕಬ್ಬಿಣಕ್ಕೆ ಸುತ್ತಲೂ ರಿಂಗು ಕಟ್ಟುತ್ತಾರಲ್ಲ, ಆ ರಿಂಗಿನ ತುದಿ ಕೊಕ್ಕೆಯ ಹಾಗೆ ಒಳಕ್ಕೆ ಬಗ್ಗಿರಬೇಕು. ಸುಮ್ಮನೆ ಮೂಲೆಗೆ ಮಡಚಿ ಬಿಟ್ಟರೆ ನೆಲ ಅಲ್ಲಾಡಿದಾಗ ರಿಂಗು ಬಿಚ್ಚಿಕೊಳ್ಳುತ್ತದೆ, ಕಂಬ ಒಡೆದು ಕುಸಿಯುತ್ತದೆ. ಎಲ್ಲೆಲ್ಲೋ ಎಷ್ಟೋ ಕಟ್ಟಡಗಳು ಬಿದ್ದ ಮೇಲೆ ಕಲಿತ ಪಾಠ ಇದು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅಮರಾಪುರದ ಮೇಸ್ತ್ರಿ ಒಬ್ಬ ಪ್ರತಿ ಸಲವೂ ಒಂದೇ ಮಾತು ಹೇಳುತ್ತಾನೆ: "ಇಲ್ಲಿಗೆ ಯಾವ್ ಭೂಕಂಪ ಬತ್ತೈತೆ ಮೇಡಮ್? ಮಳೇನೇ ಬರಾಕಿಲ್ಲ." ಬೈದುಕೊಂಡೇ ಬಗ್ಗಿಸುತ್ತಾನೆ. ಬಗ್ಗಿಸುತ್ತಾನಲ್ಲ, ಸಾಕು. ಬೈಗುಳ ನನಗೆ ಹೊಸದಲ್ಲ.

ಈ ಊರಿಗೆ ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಒಗ್ಗರಣೆ ಹಾಕುತ್ತಿದ್ದೆ. ಕಪಾಟಿನ ಪಾತ್ರೆಗಳು ಗಲಗಲ ಅಂದವು, ಕಾಲಡಿಯ ನೆಲ ನಡುಗಿತು. ಸೌಟು ಹಿಡಿದುಕೊಂಡೇ ಬೀದಿಗೆ ಓಡಿ, ಎಲ್ಲರೂ ಹೊರಗೆ ಬನ್ನಿ ಎಂದು ಕೂಗಿದೆ. ಬೀದಿಯ ಹೆಂಗಸರು ಬಾಗಿಲಿಗೆ ಬಂದು ನನ್ನನ್ನೂ ಸೌಟನ್ನೂ ನೋಡಿದರು. "ಕಲ್ಲು ಕ್ವಾರೇಲಿ ಮದ್ದು ಹಾರ್ಸವ್ರೆ ಮೇಡಮ್, ದಿನಾ ಇದ್ದುದ್ದೇ" ಎಂದು ಒಬ್ಬಾಕೆ ಹೇಳಿದಳು. ಎಲ್ಲರೂ ಹೊಟ್ಟೆ ತುಂಬ ನಕ್ಕರು, ನಾನೂ ನಕ್ಕೆ. ಒಳಗೆ ಬಂದಾಗ ಒಗ್ಗರಣೆ ಕರಕಲಾಗಿತ್ತು. ಒಬ್ಬಳೇ ಇರುವವಳಿಗೆ ಆಗುವ ಕಷ್ಟ ಇಂಥದ್ದೇ. ನಾನು ಓಡಿಬಂದಾಗ ಒಲೆ ಆರಿಸುವವರು ಒಳಗೆ ಯಾರೂ ಇರುವುದಿಲ್ಲ.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಬಂದ ಗಂಡುಗಳು ಸರಿಬೀಳಲಿಲ್ಲ, ಆಮೇಲೆ ಗಂಡುಗಳೇ ಬರಲಿಲ್ಲ. ಹುಟ್ಟಿದ ಮನೆ ರಾಯದುರ್ಗದಲ್ಲಿದೆ, ಬೆಟ್ಟದ ಬುಡದ ಓಣಿಯಲ್ಲಿ. ಅಲ್ಲಿ ಅಣ್ಣ ಮತ್ತು ಅತ್ತಿಗೆ ಇದ್ದಾರೆ. ಪಡಸಾಲೆಯಲ್ಲಿ ಆರು ಹೊಲಿಗೆ ಮಷೀನು ಹಾಕಿಕೊಂಡು ಜೀನ್ಸ್ ಪ್ಯಾಂಟು ಹೊಲಿಸುತ್ತಾರೆ. ದಿನಾ ಬೆಳಗ್ಗೆ ಆರು ಜನ ಹೆಂಗಸರು ಬಂದು ಸಂಜೆಯವರೆಗೆ ಅಲ್ಲಿ ಕೂತು ಹೊಲಿಯುತ್ತಾರೆ. ಆ ಮನೆಗೆ ನಾನು ಹನ್ನೊಂದು ವರ್ಷ ಕಾಲಿಡಲಿಲ್ಲ. ಅದಕ್ಕೆ ಮಾತ್ರ ಕಾರಣ ಇತ್ತು.

ನನ್ನ ಎಂಜಿನಿಯರಿಂಗ್ ಡಿಪ್ಲೊಮಾದ ಕೊನೆಯ ವರ್ಷ ಮಹಾರಾಷ್ಟ್ರದ ಕಡೆ ದೊಡ್ಡ ಭೂಕಂಪವಾಯಿತು. ಬಿದ್ದ ಮನೆಗಳನ್ನು ಬರೆದುಕೊಳ್ಳಲು ಜನ ಸಾಲದೆ ನಮ್ಮಂಥ ವಿದ್ಯಾರ್ಥಿಗಳನ್ನೂ ಕರೆದುಕೊಂಡು ಹೋದರು. ಒಂದು ಹಳ್ಳಿಯಲ್ಲಿ ಇಳಿದೆವು. ಗುರುತಿಲ್ಲದ ಊರಿಗೆ ಬಂದಿದ್ದೇನೆ ಅಂದುಕೊಂಡಿದ್ದೆ, ಅಲ್ಲಿ ಬಿದ್ದಿದ್ದು ನಮ್ಮ ಮನೆಯೇ. ಅದೇ ದಪ್ಪ ಕಲ್ಲಿನ ಗೋಡೆ, ಅದೇ ಕಟ್ಟಿಗೆಯ ತೊಲೆ, ಮೇಲೆ ಮಣ್ಣು ಬಡಿದ ಅದೇ ಚಪ್ಪಟೆ ಮಾಳಿಗೆ. ಎರಡು ಮೊಳ ದಪ್ಪದ ಗೋಡೆ ಅಂದರೆ ಕೋಟೆ ಇದ್ದಹಾಗೆ ಎಂದು ನಮ್ಮಪ್ಪ ಹೆಮ್ಮೆಪಡುತ್ತಿದ್ದರು. ನಿಜವಾಗಿ ಅದು ಒಂದು ಗೋಡೆಯಲ್ಲ, ಎರಡು. ಒಳಗೊಂದು ಸಾಲು ಕಲ್ಲು, ಹೊರಗೊಂದು ಸಾಲು ಕಲ್ಲು, ನಡುವೆ ಮಣ್ಣು, ಚೂರು. ಒಳಮುಖದಿಂದ ಹೊರಮುಖಕ್ಕೆ ದಾಟುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಎರಡೂ ಒಂದನ್ನೊಂದು ಹಿಡಿದುಕೊಳ್ಳುತ್ತಿದ್ದವು. ಇಟ್ಟಿರಲಿಲ್ಲ. ನೆಲ ಅಲ್ಲಾಡಿದಾಗ ಸಾಲುಗಳು ಬೇರೆಯಾಗಿ ಹೊರಗಿನದು ಬೀದಿಗೆ ಬಿತ್ತು, ಒಳಗಿನದು ಮನೆಯೊಳಕ್ಕೆ ಬಿತ್ತು. ಅದರ ಮೇಲೆ ಮಾಳಿಗೆ ಬಿತ್ತು. ಮಲಗಿದ್ದವರು ಮಲಗಿದ್ದಂತೆಯೇ ಹೋದರು.

ಅಲ್ಲಿ ಹದಿನೆಂಟು ದಿನ ಇದ್ದೆವು. ಗೋಡೆ ಪೂರಾ ಬಿದ್ದರೂ ಮಾಳಿಗೆ ನಿಂತಿದ್ದ ಕೆಲವು ಮನೆಗಳೂ ಇದ್ದವು. ಅಲ್ಲಿ ತೊಲೆಯನ್ನು ಗೋಡೆಯ ಮೇಲೆ ಕೂರಿಸದೆ ಕಟ್ಟಿಗೆಯ ಕಂಬಗಳ ಮೇಲೆ ಕೂರಿಸಿದ್ದರು. ಅಂಥ ಒಂದು ಮನೆಯ ಮುದುಕಪ್ಪ ಬದುಕಿದ್ದ. ಊರಿನಲ್ಲಿ ಅವನ ಕಡೆಯವರೆಂದು ಮತ್ತೆ ಯಾರೂ ಉಳಿದಿರಲಿಲ್ಲ. ನಾವು ಹೆಸರು ಕೇಳಲು ಹೋದರೆ ನಮಗೇ ಚಹಾ ಮಾಡಿಕೊಡುತ್ತೇನೆಂದು ಏಳುತ್ತಿದ್ದ. ಹಾಲು ಇರುತ್ತಿರಲಿಲ್ಲ, ಮತ್ತೆ ಕೂರುತ್ತಿದ್ದ.

ಸುಮಾರು ಹತ್ತು ವರ್ಷದ ನಂತರ, ನಾನು ಕೆಲಸಕ್ಕೆ ಸೇರಿದ ಮೇಲೆ, ಸುನಾಮಿ ಬಂತು. ಪೂರ್ವ ಕರಾವಳಿಯ ಶಾಲೆಗಳನ್ನು ನೋಡಿ ಬರಲು ಒಂದು ತಿಂಗಳು ನಮ್ಮನ್ನು ಅಲ್ಲಿಗೆ ಕಳಿಸಿದರು. ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿನವಳು ನೀರು ಮಾಡಿದ ಹಾಳು ನೋಡಲು ಹೊರಟೆ. ಸಮುದ್ರಕ್ಕೆ ಅಡ್ಡವಾಗಿ ನಿಂತ ಗೋಡೆಗಳು ಒಂದೂ ಉಳಿದಿರಲಿಲ್ಲ. ಅಲೆ ಬರುವ ದಿಕ್ಕಿಗೆ ಉದ್ದವಾಗಿದ್ದ ಗೋಡೆಗಳು ಹಾಗೇ ನಿಂತಿದ್ದವು, ನೀರು ಅವುಗಳ ಪಕ್ಕ ಹಾದುಹೋಗಿತ್ತು. ಗಟ್ಟಿಯಾಗಿ ಕಟ್ಟಿದ್ದ ಒಂದು ಕೋಣೆ ಮಾತ್ರ ಬುಡದ ಮರಳೆಲ್ಲ ಕೊಚ್ಚಿಹೋಗಿ ಇಡಿಯಾಗಿ ವಾಲಿಕೊಂಡಿತ್ತು. ನಾನು ಸಮುದ್ರ ನೋಡಿದ್ದು ಅದೇ ಮೊದಲು. ಚೆಂದ ಇದೆ ಅನ್ನಿಸಿತು. ಆ ಊರಿನಲ್ಲಿ ಆ ಮಾತನ್ನು ಯಾರಿಗೂ ಹೇಳುವಂತಿರಲಿಲ್ಲ, ನನ್ನ ಬಾಡಿಗೆ ಕೋಣೆಗೆ ಬಂದ ಮೇಲೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ನಮ್ಮ ಕಡೆ ಮಾಳಿಗೆ ಮನೆಗೆ ವರ್ಷಕ್ಕೊಮ್ಮೆ ಮಣ್ಣು ಹಾಕಬೇಕು. ರೋಹಿಣಿ ಮಳೆ ಹಿಡಿಯುವ ಮುಂಚೆ ಕೆರೆಯಂಚಿನ ಚೌಳು ಮಣ್ಣು ತಂದು, ಮಾಳಿಗೆಯ ಮೇಲೆ ಹರಡಿ, ನೀರು ಚಿಮುಕಿಸಿ ಬಡಿಯುತ್ತಾರೆ. ಚೌಳು ಮಣ್ಣು ನೀರು ಕುಡಿದು ಉಬ್ಬಿ ಬಿಗಿದುಕೊಳ್ಳುತ್ತದೆ, ಒಂದು ಹನಿ ಕೆಳಗೆ ಬಿಡುವುದಿಲ್ಲ. ಒಳ್ಳೆಯ ಉಪಾಯವೇ. ಆದರೆ ಹೊಸ ಮಣ್ಣು ಹಾಕುವವರು ಹಳೆಯದನ್ನು ತೆಗೆಯುವುದಿಲ್ಲ. ತಾತ ಹಾಕಿದ್ದರ ಮೇಲೆ ಅಪ್ಪ, ಅಪ್ಪ ಹಾಕಿದ್ದರ ಮೇಲೆ ಅಣ್ಣ. ಹಿರಿಯರು ಹಾಕಿದ ಮಣ್ಣನ್ನು ಕೆದಕಿ ಕೆಳಗೆ ಚೆಲ್ಲುವುದು ಅಂದರೆ ನಮ್ಮವರಿಗೆ ಮೈ ಉರಿಯುತ್ತದೆ. ಮೊದಲ ಬುಟ್ಟಿಯನ್ನು ಮನೆಮಗಳು ಹೊತ್ತು ಸುರಿಯಬೇಕು ಎನ್ನುವುದು ನಮ್ಮ ಮನೆಯ ಪದ್ಧತಿ. ಮಗಳು ಹಾಕಿದ ಮಣ್ಣು ಮನೆಯನ್ನು ತಂಪಾಗಿಡುತ್ತದೆ ಅಂತ. ಸುರಿದ ಮೇಲೆ ಹೊಸ ಕುಪ್ಪಸ, ಬೆಲ್ಲದ ಪಾನಕ.

ಭೂಕಂಪದ ಊರಿನಿಂದ ಬಂದ ವರ್ಷವೇ ಮಾಳಿಗೆಯ ಅಂಚಿನಲ್ಲಿ ಒಂದು ಕುಳಿ ತೋಡಿ ನೋಡಿದೆ. ಒಂದೂವರೆ ಮೊಳ ಮಣ್ಣು. ಅಪ್ಪನಿಗೆ ಹೇಳಿದೆ. ಅಪ್ಪ ನಕ್ಕು, "ಓದಿ ಓದಿ ತಲಿ ಕೆಡಿಸ್ಕೊಂಡಿ ಬಿಡವ್ವ" ಅಂದರು. ನಾನೂ ಸುಮ್ಮನಾದೆ. ಅಪ್ಪ ಇರುವವರೆಗೆ ವರ್ಷವರ್ಷವೂ ಮೊದಲ ಬುಟ್ಟಿ ನಾನೇ ಸುರಿದೆ. ಗೊತ್ತಿದ್ದೂ ಸುರಿದೆ. ಕುಪ್ಪಸ ತೊಟ್ಟುಕೊಂಡೆ, ಪಾನಕ ಕುಡಿದೆ. ನನ್ನ ಪಾಲಿನ ಮಣ್ಣು ಎಷ್ಟು ಎಂದು ಇವತ್ತಿಗೂ ನನಗೆ ಅನ್ನಿಸುವುದುಂಟು.

ಅಪ್ಪ ತೀರಿಕೊಂಡ ಮೇಲೆ ಅಣ್ಣನ ಕೈಗೆ ಮನೆ ಬಂತು. ಅಣ್ಣ ನನಗಿಂತ ಆರು ವರ್ಷ ದೊಡ್ಡವನು, ತಮಾಷೆಯ ಮನುಷ್ಯ. ನನ್ನ ಮಾತು ಕೇಳುತ್ತಾನೆ ಅಂದುಕೊಂಡಿದ್ದೆ. ಒಂದೆರಡು ವರ್ಷ ಫೋನಿನಲ್ಲೇ ಹೇಳಿದೆ. "ತಲಿ ಮ್ಯಾಲ ತುಂಬಿದ ಕೊಡ ಇಟ್ಕೊಂಡು ಬಸ್ಸಿನ್ಯಾಗ ನಿಂತಿ ಅಂದ್ಕ. ಡ್ರೈವರು ಒಮ್ಮಿಗಲೇ ಬಿಟ್ಟ. ಕಾಲು ಮುಂದಕ್ಕ ಹೋದ್ರೂ ಕೊಡ ಹಿಂದ ಉಳೀತೈತಿ. ಮನಿಗೂ ಹಂಗಾ. ಭಾರ ಇದ್ದಷ್ಟೂ ಕೇಡು" ಅಂದೆ. "ನಮ್ಮನಿ ಯಾವ ಬಸ್ಸೂ ಹತ್ತಂಗಿಲ್ಲ ಬಿಡು" ಅಂದ.

ಹನ್ನೊಂದು ವರ್ಷದ ಹಿಂದೆ ಮಣ್ಣು ಹಾಕುವ ದಿನ ಓಣಿಯವರೆಲ್ಲ ಸೇರಿದ್ದರು. ಅತ್ತಿಗೆ ಬುಟ್ಟಿಗೆ ಅರಿಸಿನ ಹಚ್ಚಿ ತಂದು ನನ್ನ ಕೈಗೆ ಕೊಟ್ಟಳು. ನಾನು ಅದನ್ನು ಕೆಳಗಿಟ್ಟೆ. "ನಾ ಹಾಕಂಗಿಲ್ಲ. ನೀ ಮಲಗೋ ಮಂಚದ ನೆಟ್ಟಗ ಮ್ಯಾಲ ಎರಡು ಬಂಡಿ ಮಣ್ಣು ಐತಿ ಅಣ್ಣ. ತಗಸು. ತಗಸಾಕ ಆಗಂಗಿಲ್ಲ ಅಂದ್ರ ತೊಲಿಗೆ ಕಂಬನಾರ ಕೊಡಸು" ಅಂದೆ. ಅಣ್ಣ ಮೊದಲು ನಗುತ್ತಲೇ ಇದ್ದ. "ಭೂಕಂಪ ಯಾವಾಗರ ಬಂದೀತು. ಮಳಿ ವರ್ಷಾ ಬರ್ತೈತಿ. ಸೋರಿದ್ರ ಜನರ ಬಟ್ಟಿ ಹಾಳಾಕ್ಕಾವ, ಆಗ ಏನ್ ಮಾಡ್ಲಿ ಹೇಳು" ಅಂದ. ಅದು ನ್ಯಾಯವಾದ ಪ್ರಶ್ನೆ. ಮಣ್ಣು ತೆಗೆದ ಮೇಲೆ ಮಳೆಗೆ ಏನು ಮಾಡಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದುದು ಬಿದ್ದ ಊರು ಮಾತ್ರ. ಉತ್ತರ ತೋಚದಾಗ ನನಗೆ ಸಿಟ್ಟು ಬರುತ್ತದೆ. "ಸತ್ತ ಮ್ಯಾಲ ಸೋರಿದ್ರೇನು ಬಿಟ್ರೇನು?" ಅಂದುಬಿಟ್ಟೆ.

ಓಣಿಯ ಮುಂದೆ, ಮಣ್ಣು ಹಾಕುವ ದಿನ, ಮನೆಮಗಳ ಬಾಯಿಂದ ಬಂದ ಮಾತು. ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಣ್ಣನ ಮುಖದ ನಗು ಹೋಯಿತು. ಬುಟ್ಟಿಯನ್ನು ತಾನೇ ಎತ್ತಿ ಹೆಗಲ ಮೇಲಿಟ್ಟುಕೊಂಡು ಏಣಿ ಹತ್ತಿದ. ಹತ್ತುವಾಗ ನನ್ನ ಕಡೆ ನೋಡದೆ, "ನಿಂಗ ಅಂಜಿಕಿ ಆದ್ರ ಈ ಮನ್ಯಾಗ ಮಲಗಬ್ಯಾಡವ್ವ" ಅಂದ. ನಾನು ಬ್ಯಾಗು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಅಲ್ಲಿಂದ ಮಾತು ಪೂರ್ತಿ ನಿಂತಿತೆಂದಲ್ಲ. ಯಾರದಾದರೂ ಮದುವೆಯಲ್ಲಿ ಕಂಡರೆ ಊಟ ಆಯ್ತಾ ಎಂದು ಒಬ್ಬರನ್ನೊಬ್ಬರು ಕೇಳಿದ್ದೇವೆ. ಬಾ ಅಂತ ಅವನು ಅನ್ನಲಿಲ್ಲ, ಬರ್ತೀನಿ ಅಂತ ನಾನೂ ಅನ್ನಲಿಲ್ಲ. ರೋಹಿಣಿ ಮಳೆಯ ಹೊತ್ತಿಗೆ ಮಡಕಶಿರಾದಲ್ಲಿ ನನ್ನ ಕೋಣೆಯಲ್ಲಿ ಕೂತು, ಈಗ ಯಾರು ಬುಟ್ಟಿ ಹೊರುತ್ತಿದ್ದಾರೋ ಎಂದುಕೊಳ್ಳುತ್ತಿದ್ದೆ. ಒಂದು ವಿಷಯ ಮಾತ್ರ ಯಾರಿಗೂ ಬಿಡಿಸಿ ಹೇಳಲಾಗಲಿಲ್ಲ. ನಾನು ಹೇಳಿದ್ದು ಸರಿ ಅಂತ ಎಲ್ಲರೂ ಒಪ್ಪಬೇಕಾದರೆ ಆ ಮನೆ ಬೀಳಬೇಕು. ಬೀಳದಿದ್ದರೆ ನಾನು ಹುಚ್ಚಿ. ಹುಚ್ಚಿಯಾಗಿಯೇ ಇರಲಪ್ಪಾ ಎಂದು ಹನ್ನೊಂದು ವರ್ಷ ಬೇಡಿಕೊಂಡೆ. ನನ್ನ ಮಾತು ಸುಳ್ಳಾಗಲಿ ಎಂದು ಬೇಡಿಕೊಳ್ಳುತ್ತ ಬದುಕುವುದು ಬಹಳ ಒಂಟಿ ಕೆಲಸ.

ಈ ವರ್ಷ ಬೇಸಿಗೆಯಲ್ಲಿ ಬೊಮ್ಮನಹಾಳ್ ಕಡೆಯ ಒಂದು ಶಾಲೆಯ ಕಂಬಗಳನ್ನು ನೋಡಿ ಬರಲು ನನ್ನನ್ನು ಕಳಿಸಿದರು. ಕೆಲಸ ಬೇಗ ಮುಗಿಯಿತು. ರಾಯದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಇನ್ನೂ ಹನ್ನೆರಡು ಗಂಟೆ. ಮುಂದಿನ ಬಸ್ಸಿಗೆ ಮೂರು ತಾಸು ಇತ್ತು. ಕಲ್ಲುಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಎದುರಿಗೆ ಒಬ್ಬ ಹೆಂಗಸು ಅಣ್ಣನೋ ಯಾರೋ ತಂದುಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದಳು. ನನಗೆ ಐವತ್ತು ದಾಟಿದೆ, ಇನ್ನು ಎಷ್ಟು ವರ್ಷ ಮುಖ ಊದಿಸಿಕೊಂಡಿರಲಿ ಅನ್ನಿಸಿತು. ಎದ್ದು ಓಣಿಯ ದಾರಿ ಹಿಡಿದೆ.

ಕರೆಂಟಿಲ್ಲವೆಂದು ಹೊಲಿಯುವ ಹೆಂಗಸರನ್ನು ಮನೆಗೆ ಕಳಿಸಿದ್ದರು. ಮಷೀನುಗಳ ಮೇಲೆ ಬಟ್ಟೆ ಮುಚ್ಚಿತ್ತು. ಅಣ್ಣ ಪಡಸಾಲೆಯಲ್ಲಿ ಉಣ್ಣಲು ಕೂತಿದ್ದವನು ನನ್ನನ್ನು ನೋಡಿ, ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟು, "ಲೇ, ಇನ್ನೊಂದು ತಾಟು ಹಾಕು" ಎಂದು ಒಳಗೆ ಕೂಗಿದ. ಅಷ್ಟೇ. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನಾನು ಅಭ್ಯಾಸಬಲದಿಂದ ಮೇಲೆ ನೋಡಿದೆ. ಅದೇ ತೊಲೆ, ಅದೇ ಜಂತೆ, ಅವುಗಳ ಮೇಲೆ ಇನ್ನೂ ಹನ್ನೊಂದು ವರ್ಷದ ಮಣ್ಣು. ನಡುವಿನ ತೊಲೆ ಸ್ವಲ್ಪ ಬಾಗಿತ್ತು. ಜೀವನದಲ್ಲಿ ಮೊದಲ ಸಲ ನೋಡಿಯೂ ಸುಮ್ಮನಿದ್ದೆ.

ಊಟವಾದ ಮೇಲೆ ಅತ್ತಿಗೆ, "ದಣದು ಬಂದೀ, ನಿನ್ನ ಕ್ವಾಣ್ಯಾಗ ಹಾಸೀನಿ, ಚೂರು ಅಡ್ಡಾಗು" ಅಂದಳು. ಒಳಗಿನ ಸಣ್ಣ ಕೋಣೆ ಅದು, ಮದುವೆಯಾಗದ ಮಗಳಿಗೆಂದು ಅಪ್ಪ ಬಿಟ್ಟುಕೊಟ್ಟಿದ್ದು. ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಎರಡು ತೊಲೆಗಳ ನಾಲ್ಕು ತುದಿಗೂ ನಾಲ್ಕು ಬೇವಿನ ಕಂಬ ಕೊಟ್ಟಿದ್ದರು. ಕಂಬದ ಬುಡಕ್ಕೆ ಕಲ್ಲಿನಲ್ಲಿ ಕುಳಿ ಕೊರೆಸಿ ಕೂರಿಸಿದ್ದರು, ತಲೆಯಲ್ಲಿ ತೊಲೆಗೂ ಕಂಬಕ್ಕೂ ಕಬ್ಬಿಣದ ಪಟ್ಟಿ ಸುತ್ತಿ ಬೋಲ್ಟು ಬಿಗಿದಿದ್ದರು. ನನ್ನ ಸ್ವಭಾವಕ್ಕೆ ತಕ್ಕಂತೆ ತಪ್ಪು ಹುಡುಕಿದೆ. ಸಿಗಲಿಲ್ಲ.

"ಇದು ಯಾವಾಗ ಹಾಕ್ಸಿದ್ರಿ ಅತ್ತಿಗಿ?"

"ನೀ ಜಗಳಾ ಮಾಡಿ ಹೋದ ಮುಂದಿನ ವರ್ಷಾನೇ. ಆಕಿ ಬಂದ್ರ ಅಂಜಿಕಿಲೇ ನಿದ್ದಿ ಮಾಡಂಗಿಲ್ಲ, ಬಡಿಗ್ಯಾರನ್ನ ಕರಸು ಅಂದ್ರು. ನಾಕು ದಿನ ತಾವಾ ಮುಂದ ನಿಂತು ಮಾಡಿಸಿದ್ರು. ಅಲ್ಲಿಂದ ಈ ಕ್ವಾಣ್ಯಾಗ ಯಾರ್ನೂ ಮಲಗಾಕ ಬಿಟ್ಟಿಲ್ಲ."

"ನಂಗ ಒಂದು ಮಾತು ಹೇಳಬಾರದಿತ್ತೇನ್ರಿ?"

"ಅವ್ರು ಕರೀಲಿಲ್ಲ, ನೀ ಬರ್ಲಿಲ್ಲ. ಇಬ್ರೂ ಒಂದಾ ಹೊಟ್ಟ್ಯಾಗ ಹುಟ್ಟೀರಿ, ನಾ ಏನ್ ಮಾಡ್ಲಿ?" ಎಂದು ಅತ್ತಿಗೆ ದಿಂಬು ಕೊಟ್ಟು ಹೋದಳು.

ಚಾಪೆಯ ಮೇಲೆ ಮಲಗಿದೆ. ಅಳು ಬಂತು, ಅತ್ತುಬಿಟ್ಟೆ. ಯಾರೂ ಕೇಳಲಿಲ್ಲ ಎಂದು ಹನ್ನೊಂದು ವರ್ಷ ಕೊರಗಿದ್ದೆ. ಅಣ್ಣ ಕೇಳಿಸಿಕೊಂಡಿದ್ದ, ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದ. ಆದರೆ ಅವನು ಕಂಬ ಕೊಟ್ಟಿದ್ದು ನನ್ನ ಅಂಜಿಕೆಗೆ. ತನಗೆ ಅಂಜಿಕೆಯಿಲ್ಲ, ಹಾಗಾಗಿ ತನಗೆ ಬೇಕಿಲ್ಲ ಎಂದುಕೊಂಡಿದ್ದ. ಗೋಡೆಯಾಚೆ ಪಡಸಾಲೆಯಿಂದ ಅವನ ಕೆಮ್ಮು ಕೇಳುತ್ತಿತ್ತು. ಅತ್ತಿಗೆ ಉಸ್ಸೆಂದು ಮಲಗಿದ್ದೂ ಕೇಳಿತು. ನಾಳೆ ಕರೆಂಟ್ ಬಂದರೆ ಇನ್ನೂ ಆರು ಜನ ಅಲ್ಲಿಗೇ ಬಂದು ಕೂರುತ್ತಾರೆ. ಮೇಲೆ ಆ ಬಾಗಿದ ತೊಲೆ.

ಇಡೀ ಮನೆಯಲ್ಲಿ ನಂಬಬಹುದಾದ ಜಾಗ ಇದೊಂದೇ ಕೋಣೆ. ಭೂಕಂಪದ ಊರಿನಲ್ಲಿ ಕಲಿತದ್ದು, ಸಮುದ್ರದ ಹತ್ತಿರ ಕಲಿತದ್ದು, ಮೂವತ್ತು ವರ್ಷ ಮೇಸ್ತ್ರಿಗಳ ಹತ್ತಿರ ಬೈಸಿಕೊಂಡು ಕಲಿಸಿದ್ದು, ಎಲ್ಲ ಸೇರಿ ನಮ್ಮ ಮನೆಯಲ್ಲಿ ಒಬ್ಬಳಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. ಆ ಒಬ್ಬಳು ನಾನೇ. ಎದ್ದು ಚಾಪೆ ಸುತ್ತಿಕೊಂಡು ಪಡಸಾಲೆಗೆ ಬಂದೆ. ಮಷೀನುಗಳ ಪಕ್ಕ ಅತ್ತಿಗೆ ನೆಲದ ಮೇಲೆ ಮಲಗಿದ್ದಳು, ಅಣ್ಣ ಮಂಚದ ಮೇಲಿದ್ದ. ಅವರ ನಡುವೆ, ಬಾಗಿದ ತೊಲೆಯ ನೇರ ಕೆಳಗೆ, ಚಾಪೆ ಹಾಸಿ ಮಲಗಿದೆ. ಯಾವ ಎಂಜಿನಿಯರೂ ಮಾಡಬಾರದ ಕೆಲಸ ಅದು.

ಅಣ್ಣ ಕಣ್ಣು ತೆರೆದ. "ಯಾಕವ್ವ? ಅಲ್ಲಿ ಕಂಬ ಸರಿ ಕೂತಿಲ್ಲೇನು?"

"ಭಾಳ ಚಲೋ ಕೂತಾವ."

"ಮತ್ತ ಇಲ್ಲಿಗ್ಯಾಕ ಬಂದಿ? ಅಲ್ಲೇ ಮಲಗು ಹೋಗು."

"ಈ ಪಡಸಾಲಿ ಬಿದ್ದು ನೀವಿಬ್ರೂ ಹೋದ್ರ, ನಾನೊಬ್ಬಾಕಿ ಅಲ್ಲಿ ಬದುಕಿ ಏನ್ ಮಾಡ್ಲಿ ಅಣ್ಣ?"

ಅವನು ತಮಾಷೆ ಮಾಡುತ್ತಾನೆಂದು ಕಾದೆ, ಮಾಡಲಿಲ್ಲ. ಮಂಚದ ಮೇಲೆ ಅಂಗಾತ ಮಲಗಿದ್ದವನು ಮೇಲೆ ನೋಡತೊಡಗಿದ. ಹುಟ್ಟಿದಂದಿನಿಂದ ಆ ತೊಲೆಯ ಕೆಳಗೇ ಮಲಗಿದವನು ಅದನ್ನು ಆವತ್ತೇ ಮೊದಲು ಕಂಡವನ ಹಾಗೆ ನೋಡುತ್ತಿದ್ದ. ಅತ್ತಿಗೆಯೂ ಎಚ್ಚರವಾಗಿದ್ದಳು. ಅವಳ ಕೈ ನನ್ನ ತೋಳಿನ ಮೇಲಿತ್ತು. ಅಣ್ಣ ತೊಲೆಯಿಂದ ಕಣ್ಣು ತೆಗೆಯದೆಯೇ ಕೇಳಿದ.

"ಎಷ್ಟು ಬುಟ್ಟಿ ಇಳಸಬೇಕು ಅಂತೀ?"

ನಿಖರವಾಗಿ ಎಷ್ಟು ಎಂದು ನನಗೆ ಗೊತ್ತಿತ್ತು. ಮಳೆಗೆ ಮೇಲೆ ಏನು ಹಾಕಬೇಕು ಅನ್ನುವುದನ್ನೂ ಈ ವರ್ಷಗಳಲ್ಲಿ ಯೋಚಿಸಿ ಇಟ್ಟಿದ್ದೆ. ಆದರೆ ಆ ಲೆಕ್ಕ ಹೇಳುವ ಮೊದಲು ಎದ್ದು ಕೂತು, "ಮೊದಲ್ನೇ ಬುಟ್ಟಿ ನಾ ಇಳಸ್ತೀನಿ ಅಣ್ಣ" ಅಂದೆ.